ಹಳೆಯ ಫೋರ್‌ವೀಲ್ ಗಾಡಿ ಕೊಳ್ಳುವ ಮೊದಲು ಅದರ ಅಡಿಗೆ ಮಲಗಿ: ಉತ್ತರ ಕನ್ನಡದವರಿಗೆ ಸಮಗ್ರ ಮಾರ್ಗದರ್ಶಿ

ಮಿರ್ಗದ (ಮೃಗಶಿರಾ) ಮಳೆ ಹಿಡಿದು ಹದಿನೈದು ದಿನವಾಗುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಫೋರ್‌ವೀಲ್, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ, ಹಳೆಯ ಜೀಪನ್ನೋ ಜಿಪ್ಸಿಯನ್ನೋ ಕೊಂಡವರು ಅವರೆಲ್ಲ. "ಎಂಜಿನ್ ಹೊಸದರಂತಿದೆ, ಆದರೆ ತೋಟದ ಏರು ಹತ್ತುತ್ತಿಲ್ಲ" ಎನ್ನುತ್ತಾರೆ. ಹೋಗಿ ನೋಡಿದರೆ ಒಂದೋ ಮುಂದಿನ ಗಾಲಿಗೆ ಶಕ್ತಿಯೇ ಹೋಗುತ್ತಿರುವುದಿಲ್ಲ, ಇಲ್ಲವೇ ಚಾಸಿ (ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು) ಒಳಗಿನಿಂದ ಕರಗಿರುತ್ತದೆ, ಅಥವಾ ಕಾಗದ ಇನ್ಯಾರದೋ ಹೆಸರಿನಲ್ಲಿ ಉಳಿದಿರುತ್ತದೆ.

ತಪ್ಪಾಗುತ್ತಿರುವುದು ನೋಡುವ ಕ್ರಮದಲ್ಲಿ. ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ, ಎಂಜಿನ್ ಶಬ್ದ ಕೇಳುತ್ತಾರೆ, ಅಲ್ಲಿಗೆ ಮನಸ್ಸು ಒಪ್ಪಿಬಿಡುತ್ತದೆ. ಮನಸ್ಸು ಒಪ್ಪಿದ ಮೇಲೆ ಕಣ್ಣಿಗೆ ದೋಷ ಕಾಣುವುದಿಲ್ಲ. ನಾನೂ ಮೊದಲ ಜೀಪು ಕೊಂಡದ್ದು ಹಾಗೆಯೇ. ಕರಾವಳಿಯಲ್ಲಿ ಓಡಿದ ಗಾಡಿ, ಅಡಿಭಾಗಕ್ಕೆ ಕಪ್ಪು ಬಣ್ಣ ಮಿರಿಮಿರಿ ಹೊಡೆದಿತ್ತು. ಎರಡನೇ ಮಳೆಗಾಲದಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಏರು ಹತ್ತುವಾಗ ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿ ಬಾಯಿ ಬಿಟ್ಟಿತು. ಅದನ್ನು ನೋಡಿದ ಮಿಸ್ತ್ರಿ ಹೇಳಿದ್ದು ಇಷ್ಟೇ: "ಹೆಗಡೇರೆ, ಎಂಜಿನ್ ಬೇಕಾದ್ರೆ ನಾ ಕಟ್ಟಿಕೊಡ್ತೆ. ಚಾಸಿ ಎಲ್ಲಿಂದ ತಂದ್ಕೊಡ್ಲಿ?"

ಹಾಗಾಗಿ ಇಲ್ಲಿ ಕ್ರಮ ತಲೆಕೆಳಗಾಗಿದೆ. ಕಾಗದ ಮೊದಲು, ಆಮೇಲೆ ಚಾಸಿ, ಆಮೇಲೆ ಫೋರ್‌ವೀಲ್, ಎಂಜಿನ್ ಕೊನೆಗೆ. ಯಾವ ಹಂತದಲ್ಲಿ ಗಾಡಿ ಸೋಲುತ್ತದೋ ಅಲ್ಲಿಗೇ ಬಿಟ್ಟು ಮನೆಗೆ ಬನ್ನಿ. ಮುಂದಿನ ಹಂತ ನೋಡಬೇಡಿ.

## ಹಂತ 1: ನಿಮ್ಮ ದಾರಿ ಮತ್ತು ಹೊರೆ ಮೊದಲು ಗೊತ್ತಿರಲಿ

ಮನೆಯಿಂದ ಡಾಂಬರು ರಸ್ತೆಗೆ ಎಷ್ಟು ದೂರ, ಅದರಲ್ಲಿ ಏರು ಎಷ್ಟು, ಹಳ್ಳ ದಾಟಬೇಕೇ, ತಿರುವು ಎಷ್ಟು ಕಿರಿದು? ಒಮ್ಮೆ ಜುಲೈ ತಿಂಗಳಲ್ಲಿ ಆ ದಾರಿಯಲ್ಲಿ ನಡೆದು ನೋಡಿ. ಬೇಸಿಗೆಯಲ್ಲಿ ಗಟ್ಟಿ ಜಂಬಿಟ್ಟಿಗೆಯಂತೆ ಕಾಣುವ ನೆಲ ಮಳೆಯಲ್ಲಿ ಜಾರುಬಂಡೆಯಾಗುತ್ತದೆ.

ಇಬ್ಬರು ಮೂವರು ಓಡಾಡಲು, ತರಕಾರಿ, ಹಾಲಿನ ಕ್ಯಾನು, ನಾಲ್ಕೈದು ಚೀಲ ತರಲು ಜಿಪ್ಸಿ ಸಾಕು. ಹಗುರ ಗಾಡಿ, ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ, ಕಿರಿದಾದ ತಿರುವಿನಲ್ಲಿ ಸಲೀಸು. ಆದರೆ ಪೆಟ್ರೋಲ್ ಕುಡಿಯುತ್ತದೆ, ಹೊರೆ ಹೇರಿದರೆ ಏರಿನಲ್ಲಿ ಬಳಲುತ್ತದೆ, ಅದರಲ್ಲೂ 970 ಸಿಸಿಯ ಹಳೆಯದು. ಸಾಧ್ಯವಿದ್ದರೆ 1298 ಸಿಸಿಯ ಜಿಪ್ಸಿ ಕಿಂಗ್ ಹುಡುಕಿ.

ಗೊಬ್ಬರ, ಅಡಿಕೆ ಕೊನೆ, ದರಕು (ಒಣ ಎಲೆ), ಕಂಬ ಸಾಗಿಸುವವರಿಗೆ ಮಹೀಂದ್ರಾದ ಡೀಸೆಲ್ ಜೀಪುಗಳು ಸರಿ: ಎಂಎಂ 540, ಎಂಎಂ 550, ಫೋರ್‌ವೀಲ್ ಇರುವ ಬೊಲೆರೊ ಕ್ಯಾಂಪರ್, 2010ರ ನಂತರದ ಥಾರ್. ಬಿಡಿಭಾಗಕ್ಕೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕಾರವಾರದ ಕಡೆಯವರು ಮಡಗಾಂವಿಗೆ ಓಡಬೇಕಾಗುತ್ತದೆ. ಆದ್ದರಿಂದ ನಿಮ್ಮೂರಿನ ಮಿಸ್ತ್ರಿ ಯಾವ ಗಾಡಿಯ ಕೆಲಸ ಬಲ್ಲನೋ ಅದನ್ನೇ ಕೊಳ್ಳಿ. ವಿದೇಶಿ ಹಳೆಯ ಗಾಡಿಗಳ ಆಸೆ ಬೇಡ. ಒಂದು ಆಯಿಲ್ ಸೀಲಿಗೆ ಎರಡು ತಿಂಗಳು ಕಾಯುವಾಗ ಮಳೆಗಾಲ ಮುಗಿದಿರುತ್ತದೆ.

ಹೊರಗಿನಿಂದ ಒಂದೇ ತರಹ ಕಾಣುವ ಎಷ್ಟೋ ಜೀಪುಗಳು ಬರೀ ಟೂವೀಲ್. ಒಳಗೆ ಗೇರ್ ಲಿವರಿನ ಪಕ್ಕ ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಲಿವರ್ ಇರಬೇಕು, ಮುಂದಿನ ಆಕ್ಸಲಿನಲ್ಲಿ ತೆಂಗಿನಕಾಯಿಯಂತೆ ಉಬ್ಬಿದ ಡಿಫರೆನ್ಶಿಯಲ್ (ಎಡಬಲ ಗಾಲಿಗೆ ಶಕ್ತಿ ಹಂಚುವ ಗೇರು) ಹೌಸಿಂಗ್ ಇರಬೇಕು, ಅದರಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ (ಶಕ್ತಿ ಒಯ್ಯುವ ಉದ್ದನೆಯ ದಂಡ) ಹೋಗಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಅದು ಫೋರ್‌ವೀಲ್ ಅಲ್ಲ. ಡೀಸೆಲ್ ಉಳಿಸಲೆಂದು ಮುಂದಿನ ಶಾಫ್ಟ್ ಬಿಚ್ಚಿ ಅಟ್ಟದ ಮೇಲೆ ಇಟ್ಟವರೂ ಇದ್ದಾರೆ. "ಶಾಫ್ಟ್ ಮನೇಲಿದೆ, ಕೊಡ್ತೆ" ಎಂದರೆ, ಕೂರಿಸಿ ತೋರಿಸಿದ ಮೇಲೆ ಬರುತ್ತೇನೆ ಎನ್ನಿ.

## ಹಂತ 2: ಚೀಲದಲ್ಲಿ ಇಟ್ಟುಕೊಳ್ಳಬೇಕಾದದ್ದು

ಹಾಸಿಕೊಂಡು ಮಲಗಲು ಗೋಣಿಚೀಲ, ಒಳ್ಳೆಯ ಟಾರ್ಚ್, ಸಣ್ಣ ಸುತ್ತಿಗೆ, ಹಳೆಯ ಚೂಪು ಸ್ಕ್ರೂಡ್ರೈವರ್, ಆಯಸ್ಕಾಂತದ ತುಂಡು, ಬಟ್ಟೆ, ವೀಲ್ ಸ್ಪ್ಯಾನರ್, ಜ್ಯಾಕ್, ಗಾಲಿಗೆ ಅಡ್ಡ ಕೊಡಲು ಎರಡು ಮರದ ಕೊರಡು. ಜೊತೆಗೆ ಒಬ್ಬ ಮನುಷ್ಯ. ಒಬ್ಬರೇ ಹೋದರೆ ಅರ್ಧ ಪರೀಕ್ಷೆ ಮಾಡಲು ಆಗುವುದೇ ಇಲ್ಲ.

ಬೆಳಿಗ್ಗೆ ಹೋಗಿ. ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಹೇಳಿರಿ. ಮಳೆ ಬರುವಾಗ, ಸಂಜೆಗತ್ತಲಲ್ಲಿ, ಆಗಷ್ಟೇ ತೊಳೆದ ಗಾಡಿ ನೋಡಬೇಡಿ. ಸೋರಿಕೆ ಒಂದೂ ಕಾಣದು.

## ಹಂತ 3: ಕಾಗದ

ಆರ್‌ಸಿಯ ಫೋಟೋ ತರಿಸಿಕೊಂಡು ಮನೆಯಲ್ಲೇ ಈ ಕೆಲಸ ಮುಗಿಸಬಹುದು. ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಂದಣಿ ಯಾವಾಗಿನವರೆಗೆ ಇದೆ, ವಿಮೆ ಇದೆಯೇ, ಸಾಲದ ನಮೂದು ಇದೆಯೇ, ದಂಡ ಬಾಕಿ ಇದೆಯೇ ನೋಡಿ.

ನಮ್ಮ ಜಿಲ್ಲೆಯ ಗಾಡಿಗಳು ನಾಲ್ಕು ಆರ್‌ಟಿಒ ಕಚೇರಿಗೆ ಸೇರಿರುತ್ತವೆ: ಕೆಎ 30 ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಬೇರೆ ರಾಜ್ಯದ ಗಾಡಿಯಾದರೆ ಮೂಲ ಕಚೇರಿಯಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಕಟ್ಟಬೇಕು. ಗೋವಾದ ಗಾಡಿ ಅಗ್ಗವೆಂದು ಕಾರವಾರ, ಸದಾಶಿವಗಡದ ಕಡೆಯವರು ಕೊಳ್ಳುತ್ತಾರೆ. ತೆರಿಗೆ, ಓಡಾಟ ಎಲ್ಲ ಸೇರಿಸಿದರೆ ಆ ಅಗ್ಗ ಉಳಿಯುವುದಿಲ್ಲ. ಒಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಲೇಬೇಕು.

ಖಾಸಗಿ ಗಾಡಿಯ ನೋಂದಣಿ 15 ವರ್ಷ. ಆಮೇಲೆ ಫಾರ್ಮ್ 25 ಕೊಟ್ಟು, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 15 ದಾಟಿದ ಜೀಪು, ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನ ತಿದ್ದುಪಡಿಯಂತೆ 10,000. ಹಸಿರು ತೆರಿಗೆ ಬೇರೆ. ನಾವು ಕೊಳ್ಳುವ ಗಾಡಿಗಳಲ್ಲಿ ಬಹುಪಾಲು ಈ ವಯಸ್ಸಿನವೇ. "ಎಫ್‌ಸಿ ನೀವೇ ಮಾಡಿಸ್ಕೊಳ್ಳಿ, ಸುಲಭ" ಎಂಬ ಮಾತಿಗೆ ಒಪ್ಪಬೇಡಿ. ಸುಲಭವಿದ್ದರೆ ಅವರೇ ಮಾಡಿಸಿ ಹೆಚ್ಚು ಬೆಲೆಗೆ ಮಾರುತ್ತಿದ್ದರು.

ಗಾಡಿಯ ಎದುರು ನಿಂತಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ನಂತರ ಆರ್‌ಸಿಯ ಅಂಕಿಗಳೊಡನೆ ಒಂದೊಂದಾಗಿ ಹೋಲಿಸಿ. ಎಂಜಿನ್ ನಂಬರೂ ಹಾಗೆಯೇ. ನಂಬರಿನ ಸುತ್ತ ಗ್ರೈಂಡರ್ ಗುರುತು, ವೆಲ್ಡಿಂಗ್ ಗೆರೆ, ಸಾಲು ತಪ್ಪಿದ ಅಂಕಿ ಕಂಡರೆ ಅಲ್ಲಿಂದಲೇ ಹೊರಡಿ. ಎಂಜಿನ್ ಬದಲಿಸಿದ್ದು ತಪ್ಪಲ್ಲ, ಆರ್‌ಸಿಯಲ್ಲಿ ಏರಿಸದೇ ಇದ್ದದ್ದು ತಪ್ಪು. ನಾಲ್ಕು ಗಾಡಿಯ ಭಾಗ ಸೇರಿಸಿ ಕಟ್ಟಿದ ಜೀಪುಗಳು ನೋಡಲು ಬಹಳ ಚಂದ. ಆರ್‌ಟಿಒ ಅಂಗಳದಲ್ಲಿ ಅವುಗಳ ಬಂಡವಾಳ ಬಯಲಾಗುತ್ತದೆ.

ಬಣ್ಣವನ್ನೂ ನೋಡಿ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಮಿಲಿಟರಿಯ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ಗಾಡಿಗೆ ಮಾತ್ರ. ನೌಕಾನೆಲೆ ಇರುವ ಕಾರವಾರದಲ್ಲಿ ಅದನ್ನು ಹೊಡೆಸಿಕೊಂಡು ಓಡಾಡುವುದು ತೊಂದರೆ ಕರೆದು ತಂದಂತೆ. ಮುಂದೆ ಕೂರಿಸಿದ ಕಬ್ಬಿಣದ ಗಾರ್ಡು, ಅಂಕೆ ಮೀರಿದ ಟೈರು ಇದ್ದರೂ ತಪಾಸಣೆಗೆ ಮೊದಲು ತೆಗೆಯಬೇಕಾಗುತ್ತದೆ.

ವ್ಯಾಪಾರ ಮುಗಿದ ದಿನವೇ ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆಗಲಿ. ಸಾಲ ತೀರಿದ್ದರೆ ಅದರ ನಮೂದು ತೆಗೆಸಲು ಫಾರ್ಮ್ 35. ಮಾರಿದವರು ರಾಜ್ಯದೊಳಗೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

## ಹಂತ 4: ಚಾಸಿ

ಇದಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಇಡಿ. ಇಡೀ ಬರಹದಲ್ಲಿ ಒಂದೇ ಒಂದು ಹಂತ ಪಾಲಿಸುವಿರಾದರೆ ಇದನ್ನೇ ಪಾಲಿಸಿ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಸುತ್ತಮುತ್ತ ಮಳೆ, ಅದರ ಮೇಲೆ ಉಪ್ಪುಗಾಳಿ. ಚಾಸಿಯ ಉದ್ದ ತೊಲೆಗಳು ಒಳಗೆ ಟೊಳ್ಳು. ಗಾಲಿ ಎರಚಿದ ಕೆಸರು ಅದರ ತೂತುಗಳಿಂದ ಒಳಗೆ ಸೇರಿ, ನೀರು ಇಳಿಯುವ ಕಂಡಿ ಕಟ್ಟಿ, ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಚುಕ್ಕಿ ಕಾಣುವ ಹೊತ್ತಿಗೆ ತಗಡು ಹಪ್ಪಳವಾಗಿರುತ್ತದೆ.

ಗೋಣಿ ಹಾಸಿ ಮಲಗಿ. ಮುಂದಿನಿಂದ ಹಿಂದಕ್ಕೆ, ಎರಡೂ ತೊಲೆಗಳ ಮೇಲೆ, ಅಂಗೈಯಗಲಕ್ಕೆ ಒಂದರಂತೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಉಕ್ಕು ಗಂಟೆಯಂತೆ ಠಣ್ ಎನ್ನುತ್ತದೆ. ಕರಗಿದ ಜಾಗ ಒಡೆದ ಮಡಕೆಯಂತೆ ದಬ್ ಎನ್ನುತ್ತದೆ, ಒಳಗೆ ಪುಡಿ ಉದುರುವ ಸದ್ದು ಕೇಳುತ್ತದೆ. ದಬ್ ಎಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ತೂರಿದರೆ ಗಾಡಿ ಬೇಡ.

ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಗಳು ಇವು. ಸ್ಪ್ರಿಂಗಿನ ಶ್ಯಾಕಲ್ (ತುದಿಯ ಕೊಂಡಿ) ಕೂರುವ ಕಡೆ, ಮುಖ್ಯವಾಗಿ ಹಿಂದಿನವು. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಬೋಲ್ಟ್ ಆಗುವ ಜಾಗ. ಹಳೆಯ ಜೀಪು, ಜಿಪ್ಸಿಗಳಲ್ಲಿ ಇಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಬಟ್ಟೆಯಿಂದ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಜೊತೆಯವರು ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಲಿ. ಬಿರುಕಿದ್ದರೆ ಬಾಕ್ಸ್ ಉಸಿರಾಡಿದಂತೆ ಅಲುಗುತ್ತದೆ. ಅಡ್ಡ ತೊಲೆಗಳ ಕೀಲು, ಬಾಡಿ ಕೂರುವ ರಬ್ಬರ್ ಬುಷ್, ಹಿಂದಿನ ಬಂಪರಿನ ಒಳಬದಿ ಇವನ್ನೂ ಬಿಡಬೇಡಿ.

ಒಳಗಿನ ಮ್ಯಾಟ್ ಎತ್ತಿ. ಡ್ರೈವರಿನ ಕಾಲಡಿ, ಸೀಟಿನ ಕೆಳಗೆ ತಗಡು ಹೋಗಿದ್ದರೆ ಗಾಬರಿ ಬೇಡ, ಅದು ಟಿಂಕರಿಂಗ್ ಕೆಲಸ, ಬೆಲೆಯಲ್ಲಿ ಕಳೆಯಬಹುದು. ಬಾಡಿಗೆ ಆಯಸ್ಕಾಂತ ಹಿಡಿದು ನೋಡಿದರೆ ಪುಟ್ಟಿ ತುಂಬಿದ ಜಾಗ ಅಂಟುವುದಿಲ್ಲ. ಬಾಡಿಯ ತುಕ್ಕು ಖರ್ಚಿನ ಮಾತು, ಚಾಸಿಯ ತುಕ್ಕು ಜೀವದ ಮಾತು. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಎಚ್ಚರಿಕೆಯ ಗುರುತು: ಇಡೀ ಗಾಡಿ ಹಳತು, ಅಡಿಭಾಗ ಮಾತ್ರ ಹೊಸ ಕಪ್ಪು ಬಣ್ಣ. ಬ್ರೇಕ್ ಪೈಪ್, ನಟ್ಟು, ರಬ್ಬರ್ ಎನ್ನದೆ ಎಲ್ಲದಕ್ಕೂ ಬಳಿದಿದ್ದರೆ ತುಕ್ಕು ಮುಚ್ಚಿದ್ದಾರೆ ಎಂದೇ ತಿಳಿಯಿರಿ. ಚಾಸಿಗೆ ಪಟ್ಟಿ ಇಟ್ಟು ಬೆಸೆದದ್ದು ಒಂದು ಕಡೆ ಇದ್ದರೆ ಯಾರು ಬೆಸೆದದ್ದು, ಯಾಕೆ ಎಂದು ಕೇಳಿ. ಮೂರು ನಾಲ್ಕು ಕಡೆ ಇದ್ದರೆ ಕೇಳುವ ಅಗತ್ಯವೇ ಇಲ್ಲ.

## ಹಂತ 5: ಮುಂದಿನ ಗಾಲಿಗೆ ಶಕ್ತಿ ಹೋಗುತ್ತದೆಯೇ

"ಫೋರ್‌ವೀಲ್ ಬೀಳ್ತದೆ" ಎಂದು ಲಿವರ್ ಎಳೆದು ತೋರಿಸುತ್ತಾರೆ. ಲಿವರ್ ಬಿದ್ದ ಮಾತ್ರಕ್ಕೆ ಗಾಲಿ ಎಳೆಯುತ್ತದೆ ಎಂದಲ್ಲ. ನಡುವೆ ಟ್ರಾನ್ಸ್‌ಫರ್ ಕೇಸ್, ಶಾಫ್ಟ್, ಅದರ ತುದಿಯ ಕೀಲುಗಳಾದ ಎರಡು ಕ್ರಾಸ್, ಡಿಫರೆನ್ಶಿಯಲ್, ಆಕ್ಸಲ್, ಗಾಲಿಯ ನಡುಭಾಗವಾದ ಹಬ್ ಇಷ್ಟಿವೆ. ಎಂಜಿನ್ ಚಾಲೂ ಮಾಡದೆಯೇ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಬಹುದು.

ಸಮನೆಲದಲ್ಲಿ ನಿಲ್ಲಿಸಿ. ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕೊರಡು ಕೊಡಿ. ಮುಂದಿನ ಒಂದು ಗಾಲಿಯನ್ನು ಜ್ಯಾಕ್ ಹಾಕಿ ನೆಲದಿಂದ ಎತ್ತಿ. ಜ್ಯಾಕ್ ಮೇಲಿರುವಾಗ ಅಡಿಗೆ ತೂರಬೇಡಿ, ಶಾಫ್ಟನ್ನು ಪಕ್ಕದಿಂದ ಬಗ್ಗಿ ನೋಡಿದರೆ ಸಾಕು.

ಹಬ್ಬಿನ ಮೇಲೆ ತಿರುಗಿಸುವ ಗುಂಡಿ ಇದ್ದರೆ ಮೊದಲು 'ಫ್ರೀ' ಮಾಡಿ, ಟೂವೀಲಿನಲ್ಲಿ ಗಾಲಿಯನ್ನು ಕೈಯಿಂದ ತಿರುಗಿಸಿ. ಗಾಲಿ ಹಗುರವಾಗಿ ತಿರುಗಬೇಕು, ಶಾಫ್ಟ್ ಸುಮ್ಮನಿರಬೇಕು. ಈಗ ಎರಡೂ ಬದಿಯ ಹಬ್ 'ಲಾಕ್' ಮಾಡಿ ತಿರುಗಿಸಿ. ಗಾಲಿಯ ಜೊತೆ ಶಾಫ್ಟೂ ತಿರುಗಬೇಕು. ತಿರುಗದಿದ್ದರೆ ಹಬ್ ಇಲ್ಲವೇ ಆಕ್ಸಲ್ ಹೋಗಿದೆ. ಕೊನೆಗೆ ಎರಡೂ ಬದಿಯ ಹಬ್ ಲಾಕ್ ಇಟ್ಟು ಲಿವರನ್ನು ಫೋರ್‌ವೀಲಿಗೆ ಹಾಕಿ ತಿರುಗಿಸಿ. ಈಗ ಗಾಲಿ ಸ್ವಲ್ಪ ಅಲುಗಿ ಗಟ್ಟಿಯಾಗಿ ನಿಲ್ಲಬೇಕು. ಸರಾಗ ತಿರುಗಿದರೆ ಎಲ್ಲೋ ಸರಪಳಿ ಕಡಿದಿದೆ. ಇನ್ನೊಂದು ಬದಿಗೂ ಇದೇ ಪರೀಕ್ಷೆ ಮಾಡಿ. ಒಂದೇ ಬದಿ ನೋಡಿ ಮೋಸಹೋದವರು ಬಹಳ.

ಜ್ಯಾಕ್ ಇಳಿಸಿ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ. ಕ್ರಾಸಿನಲ್ಲಿ ಕಟಕ್ ಎಂದರೆ, ಕೆಂಪು ಪುಡಿ ಉದುರಿದ್ದರೆ ಕ್ರಾಸ್ ಬದಲಿಸಬೇಕು, ಅದು ಸಣ್ಣ ಖರ್ಚು. ಡಿಫರೆನ್ಶಿಯಲ್ಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಲು ಕೇಳಿ. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಹೊಳೆಯುವ ಚೂರು ಬೆರಳಿಗೆ ಅಂಟಿದರೆ ಕ್ರೌನ್ ಪಿನಿಯನ್ (ಡಿಫರೆನ್ಶಿಯಲ್ಲಿನ ಮುಖ್ಯ ಹಲ್ಲುಗಾಲಿ ಜೋಡಿ) ಸವೆದಿದೆ, ಅದು ದೊಡ್ಡ ಖರ್ಚು.

ನಾಲ್ಕೂ ಟೈರು ಒಂದೇ ಅಳತೆಯವೇ, ಒಂದೇ ಹಂತಕ್ಕೆ ಸವೆದಿವೆಯೇ ನೋಡಿ. ಮುಂದೆ ಹೊಸದು ಹಿಂದೆ ಬೋಳು ಹಾಕಿ ಫೋರ್‌ವೀಲಿನಲ್ಲಿ ಓಡಿಸಿದ ಗಾಡಿಯ ಟ್ರಾನ್ಸ್‌ಫರ್ ಕೇಸ್ ಒಳಗೇ ನವೆದಿರುತ್ತದೆ.

## ಹಂತ 6: ಸ್ಟೇರಿಂಗ್ ಮತ್ತು ಬ್ರೇಕ್

ಮುಂದಿನ ಗಾಲಿ ಎತ್ತಿರುವಾಗಲೇ ಇದನ್ನೂ ಮುಗಿಸಿ. ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಆಟ ಇದ್ದರೆ ಜೊತೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ (ಗಾಲಿ ಎಡಬಲ ತಿರುಗುವ ಕೀಲು). ಎಡಬಲ ಹಿಡಿದು ಅಲುಗಿಸಿದಾಗ ಆಟ ಇದ್ದರೆ ಟೈ ರಾಡ್ ಕೀಲು. ಗಾಲಿಯ ಹಿಂದಿನ ಉಕ್ಕಿನ ಗುಂಡಿನಿಂದ ಗ್ರೀಸ್ ಸೋರಿ ಕೆಸರು ಮೆತ್ತಿಕೊಂಡಿದ್ದರೆ ಸೀಲ್ ಹೋಗಿ ಒಳಗೆ ನೀರು ಹೋಗುತ್ತಿದೆ.

ಬ್ರೇಕ್ ಪೆಡಲನ್ನು ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಬ್ರೇಕಿನ ಉಕ್ಕಿನ ಪೈಪುಗಳು ಚಾಸಿಗೆ ತಾಗಿದ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಬೆಲೆ ಮಾತಾಡುವ ಮೊದಲೇ ಬದಲಿಸುವ ಲೆಕ್ಕ ಹಾಕಿ. ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯುವಾಗ ಒಡೆದರೆ ಎರಡನೇ ಅವಕಾಶ ಇರುವುದಿಲ್ಲ.

## ಹಂತ 7: ಈಗ ಬಾನೆಟ್ ಎತ್ತಿ

ಎಂಜಿನ್ ತಣ್ಣಗಿದೆಯೇ ಮುಟ್ಟಿ ನೋಡಿ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ. ಡಿಪ್ ಸ್ಟಿಕ್ಕಿನಲ್ಲಿ ಬೆಣ್ಣೆಯಂಥ ನೊರೆ ಇದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ.

ಚಾಲೂ ಮಾಡಿದಾಗ ನಿಮ್ಮ ಜೊತೆಯವರು ಸೈಲೆನ್ಸರಿನ ಹಿಂದೆ ನಿಂತಿರಲಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಡೀಸೆಲ್ ಗಾಡಿ ಏರಿನಲ್ಲಿ ಸ್ವಲ್ಪ ಕಪ್ಪು ಹೊಗೆ ಬಿಟ್ಟರೆ ಪಂಪು, ನಾಜಲ್ ಕೆಲಸ ಸಾಕಾಗುತ್ತದೆ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸ್ ಬುಸ್ ಎಂದು ಉಗುಳಿದರೆ ರಿಂಗ್, ಬೋರ್ ಸವೆದಿವೆ. ಆದರೂ ಹೇಳುತ್ತೇನೆ, ಚಾಸಿ ಗಟ್ಟಿ ಇದ್ದು ಎಂಜಿನ್ ಸೋತಿರುವ ಗಾಡಿ ಕಡಿಮೆ ಬೆಲೆಗೆ ಸಿಕ್ಕರೆ ನಾನು ಕೊಳ್ಳುತ್ತೇನೆ.

ಜಿಪ್ಸಿಯಲ್ಲಿ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಕೊಂಡ ವಾರವೇ ಬದಲಿಸಿ.

## ಹಂತ 8: ಓಡಿಸಿ ನೋಡುವುದು

ಮೊದಲು ಡಾಂಬರಿನಲ್ಲಿ, ಟೂವೀಲಿನಲ್ಲಿ. 40ರಿಂದ 60ರ ವೇಗದ ನಡುವೆ ಒಂದು ಗುಂಡಿಗೆ ಇಳಿದಾಗ ಸ್ಟೇರಿಂಗ್ ಗಡಗಡ ನಡುಗಿ ನಿಲ್ಲದಿದ್ದರೆ ಕಿಂಗ್ ಪಿನ್, ಟೈ ರಾಡ್, ಶ್ಯಾಕಲ್ ಬುಷ್ ಎಲ್ಲ ನೋಡಬೇಕಾಗುತ್ತದೆ. ಕೈಬಿಡದೆ ವೇಗ ತಗ್ಗಿಸಿ. ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹೊರಬೀಳುತ್ತದೆಯೇ ಗಮನಿಸಿ.

ಆಮೇಲೆ ಹಸಿ ಮಣ್ಣು ಅಥವಾ ಹುಲ್ಲಿನ ಅಂಗಳಕ್ಕೆ ಹೋಗಿ. ಫೋರ್‌ವೀಲ್ ಹೈ ಹಾಕಿ ಮುಂದೆ, ಹಿಂದೆ. ಪೂರ್ತಿ ನಿಲ್ಲಿಸಿ ಕ್ಲಚ್ ಒತ್ತಿ ಲೋ (ನಿಧಾನ, ಹೆಚ್ಚು ಎಳೆತದ್ದು) ಹಾಕಿ. ಲೋ ಮೊದಲ ಗೇರಿನಲ್ಲಿ ಏರು ಹತ್ತಿಸಿ, ಅದೇ ಗೇರಿನಲ್ಲಿ ಇಳಿಸಿ. ಇಳಿಯುವಾಗ ಲಿವರ್ ಹೊರಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಇದನ್ನು ಇಳಿಜಾರಿನಲ್ಲೇ ಪರೀಕ್ಷಿಸಬೇಕು, ಸಮನೆಲದಲ್ಲಿ ತಿಳಿಯದು.

## ಹಂತ 9: ಬೆಲೆ

ನೋಡಿದ ದೋಷಗಳನ್ನೆಲ್ಲ ಬರೆದು, ನಿಮ್ಮ ಮಿಸ್ತ್ರಿಯಿಂದ ಖರ್ಚು ಕೇಳಿ, ಅದನ್ನು ಕಳೆದು ಮಾತಾಡಿ. ಕೈಯಲ್ಲಿರುವ ಹಣದ ಮೂರರಲ್ಲಿ ಎರಡು ಪಾಲು ಮಾತ್ರ ಗಾಡಿಗೆ. ಉಳಿದ ಪಾಲು ಮೊದಲ ವರ್ಷದ ಕೆಲಸಕ್ಕೆ ಖಂಡಿತ ಬೇಕು. ಮುಂಗಡ ಕೊಟ್ಟು ಆಮೇಲೆ ಮಿಸ್ತ್ರಿಯನ್ನು ಕರೆದುಕೊಂಡು ಹೋಗುವುದು ನಮ್ಮ ಕಡೆ ಅತಿ ಸಾಮಾನ್ಯವಾದ ತಪ್ಪು. ಕೊಳ್ಳಲು ಒಳ್ಳೆಯ ಕಾಲ ಮಳೆ ಮುಗಿದ ಅಕ್ಟೋಬರ್, ನವೆಂಬರ್. ಆ ವರ್ಷದ ಮಳೆ ಮಾಡಿದ ಹಾನಿ ಆಗ ಕಣ್ಣೆದುರೇ ಇರುತ್ತದೆ, ಬಣ್ಣ ಹೊಡೆಯಲು ಯಾರಿಗೂ ಪುರಸೊತ್ತು ಸಿಕ್ಕಿರುವುದಿಲ್ಲ.

## ಹಂತ 10: ಮೊದಲ ತಿಂಗಳು

ಹಿಂದಿನವರು ಏನೇ ಹೇಳಿರಲಿ, ಎಲ್ಲ ದ್ರವವನ್ನೂ ಬದಲಿಸಿ: ಎಂಜಿನ್ ಆಯಿಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಶಿಯಲ್, ಬ್ರೇಕ್ ಆಯಿಲ್, ಕೂಲೆಂಟ್. ಡಿಫರೆನ್ಶಿಯಲ್ಲಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್. ಗೇರ್ ಬಾಕ್ಸಿಗೆ ಜಿಎಲ್-4. ಜಿಎಲ್-5 ಹಾಕಿದರೆ ಅದರೊಳಗಿನ ಕೆಲವು ಅಂಶಗಳು ಹಿತ್ತಾಳೆಯ ಸಿಂಕ್ರೊ ರಿಂಗನ್ನು (ಗೇರ್ ಸಲೀಸಾಗಿ ಬೀಳಿಸುವ ಉಂಗುರ) ತಿನ್ನುತ್ತವೆ. ಅಂಗಡಿಯವರು ಒಂದೇ ಡಬ್ಬಿ ಎರಡಕ್ಕೂ ಆಗುತ್ತದೆ ಎಂದರೆ ಒಪ್ಪಬೇಡಿ.

ಡಿಫರೆನ್ಶಿಯಲ್ಲಿನ ಮೇಲೆ ಸಣ್ಣ ಬ್ರೀದರ್ (ಗಾಳಿ ಆಡುವ ಕಂಡಿ) ಇರುತ್ತದೆ. ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲಿನ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಒಂದು ರಬ್ಬರ್ ನಳಿಗೆ ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿಬಿಡಿ. ಇದಕ್ಕೆ ಖರ್ಚು ಅತಿ ಕಡಿಮೆ, ಉಳಿಯುವುದು ಒಂದು ಕ್ರೌನ್ ಪಿನಿಯನ್.

ಗ್ರೀಸ್ ನಿಪ್ಪಲ್ ಎಷ್ಟಿವೆ ಎಂದು ಎಣಿಸಿ ಬರೆದಿಡಿ. ಮಿಸ್ತ್ರಿ ಗ್ರೀಸ್ ಹೊಡೆದ ಮೇಲೆ ನೀವೇ ಎಣಿಸಿ ನೋಡಿ, ಕೆಸರಿನಡಿ ಮುಚ್ಚಿಹೋದ ಒಂದೆರಡು ಉಳಿದೇ ಇರುತ್ತವೆ. ಹಳೆಯ ಪೆಟ್ರೋಲ್ ಗಾಡಿಯ ಇಂಧನ ನಳಿಗೆಗಳನ್ನೂ ಬದಲಿಸಿ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಅದಕ್ಕೆ ಬಿರುಕು ಬಿಡುತ್ತದೆ. ಎಥನಾಲ್ ತೇವ ಹೀರುವ ಗುಣದ್ದು, ಹಾಗಾಗಿ ಮಳೆಗಾಲದಲ್ಲಿ ಅರೆ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಲ್ಲಿಸಬೇಡಿ.

## ಹಂತ 11: ಫೋರ್‌ವೀಲ್ ಓಡಿಸುವ ರೀತಿ

ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇಲ್ಲ. ಫೋರ್‌ವೀಲ್ ಹಾಕಿದಾಗ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಿನಲ್ಲಾದರೆ ಗಾಲಿ ಜಾರಿ ಸರಿಹೊಂದುತ್ತದೆ, ಡಾಂಬರಿನಲ್ಲಿ ಜಾರಲು ಆಗದೆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಆದ್ದರಿಂದ ಡಾಂಬರು, ಕಾಂಕ್ರೀಟಿನಲ್ಲಿ ಫೋರ್‌ವೀಲ್ ಬೇಡ. ಮಳೆಯಲ್ಲಿ ನೆನೆದ ಘಟ್ಟದ ರಸ್ತೆಯೂ ಡಾಂಬರೇ. ಅಲ್ಲಿ ಟೂವೀಲ್, ಕೆಳಗಿನ ಗೇರ್, ನಿಧಾನ. ಸ್ಟೇರಿಂಗ್ ಬಿಗಿಯಾಗಿ, ಗಾಡಿ ತಡೆದು ತಡೆದು ಹೋಗಿ, ಲಿವರ್ ಹೊರಬರದಿದ್ದರೆ ನೇರವಾಗಿ ನಾಲ್ಕಾರು ಮೀಟರ್ ಹಿಂದಕ್ಕೆ ಬಿಡಿ, ಸಡಿಲವಾಗುತ್ತದೆ. ಲಿವರಿಗೆ ಒದೆಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಬ್ಬನ್ನು ಲಾಕಿನಲ್ಲೇ ಬಿಡಿ. ಟೂವೀಲಿನಲ್ಲಿ ಓಡಿಸಿದರೂ ಹಾನಿಯಿಲ್ಲ, ಇಂಧನ ತುಸು ಹೆಚ್ಚು ಅಷ್ಟೇ. ಕೆಸರಿನಲ್ಲಿ ಸಿಕ್ಕಿಕೊಂಡ ಮೇಲೆ, ಉಂಬಳ ಹತ್ತಿಸಿಕೊಳ್ಳುತ್ತ ಹಬ್ ಹುಡುಕುವುದು ತಪ್ಪುತ್ತದೆ. ಲಿವರನ್ನೂ ಜಾರುವ ಮೊದಲೇ ಹಾಕಿ. ಗಾಲಿ ಗಿರ್ರನೆ ತಿರುಗುವಾಗ ಫೋರ್‌ವೀಲ್ ಎಳೆದರೆ ಹಲ್ಲು ಹಾರುತ್ತದೆ.

ಏರಿನಲ್ಲಿ ಗೇರ್ ಬದಲಿಸುವ ಯೋಚನೆ ಬೇಡ. ಕೆಳಗೇ ನಿಂತು ಲೋ ಎರಡನೇ ಗೇರ್ ಹಾಕಿ, ಒಂದೇ ಸಮನೆ ಹೋಗಿ. ಅರ್ಧದಲ್ಲಿ ನಿಂತುಹೋದರೆ ಕ್ಲಚ್ ಒತ್ತಿ ನ್ಯೂಟ್ರಲಿನಲ್ಲಿ ಹಿಂದೆ ಜಾರಿಸಬೇಡಿ. ರಿವರ್ಸ್ ಗೇರ್ ಹಾಕಿಕೊಂಡು, ನೇರವಾಗಿ, ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಅಡ್ಡ ತಿರುಗಿಸಲು ಹೋದರೆ ಗಾಡಿ ಮಗುಚುತ್ತದೆ.

ಹಳ್ಳ ದಾಟುವ ಮೊದಲು ಕೋಲು ಹಿಡಿದು ನಡೆದು ನೋಡಿ. ನಡೆಯಲು ಆಗದ ಸೆಳವಿನಲ್ಲಿ ಗಾಡಿಯೂ ನಿಲ್ಲದು. ಹಬ್ಬಿನ ನಡುಮಟ್ಟಕ್ಕಿಂತ ಹೆಚ್ಚು ನೀರಿದ್ದರೆ ಕಾಯಿರಿ, ನಮ್ಮ ಹಳ್ಳಗಳು ಮಳೆ ಹೊಳವಾದರೆ ಒಂದೆರಡು ಗಂಟೆಯಲ್ಲಿ ಇಳಿಯುತ್ತವೆ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿ ಹೊರತೆಗೆದು, ಏರ್ ಫಿಲ್ಟರ್ ನೋಡಿ. ಅದು ಒದ್ದೆಯಾಗಿದ್ದರೆ ಮಿಸ್ತ್ರಿ ಬರಲಿ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ನೂರು ಮೀಟರ್ ಹೋಗಿ ಡ್ರಮ್ ಒಣಗಿಸಿ.

ಹೂತ ಗಾಡಿಯನ್ನು ಎಳೆಯಲು ಚಾಸಿಗೆ ಬೋಲ್ಟ್ ಆದ ಕೊಂಡಿಗೇ ಕಟ್ಟಿ, ಬಂಪರಿಗಲ್ಲ. ಹಗ್ಗ ಬಿಗಿಯುವಾಗ ಅದರ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಅಂಗಳದಲ್ಲೇ ಇರಲಿ. ಅಡಿಕೆ ಮರಕ್ಕೆ ಕಟ್ಟಬೇಡಿ, ಅದರ ಬೇರು ಮೇಲೇ ಇರುತ್ತದೆ, ಮರವೂ ಹೋಗುತ್ತದೆ, ಗಾಡಿಯೂ ಬರುವುದಿಲ್ಲ.

ಫೋರ್‌ವೀಲ್ ಇದೆಯೆಂದು ಕಡಲತೀರಕ್ಕೆ, ಕಾಡಿಗೆ ಇಳಿಸಬೇಡಿ. ನಮ್ಮ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳಿಗೆ ರಕ್ಷಣೆ ಇದೆ. ಗಾಡಿಗಂತೂ ಉಪ್ಪುನೀರಿಗಿಂತ ದೊಡ್ಡ ಶತ್ರು ಇಲ್ಲ.

## ಹಂತ 12: ವರ್ಷದ ಎರಡು ಕೆಲಸ

ಮಿರ್ಗಕ್ಕೆ ಮೊದಲು, ಮೇ ಕೊನೆಯಲ್ಲಿ: ಚಾಸಿಯ ಕಂಡಿಗಳಿಗೆ ತಂತಿ ಹಾಕಿ ಒಣಮಣ್ಣು ಕೆದಕಿ ತೆಗೆಯಿರಿ. ತೊಲೆಯ ಒಳಗೆ ಪೈಪು ತೂರಿಸಿ ಜೋರು ನೀರು ಬಿಡಿ, ಎರಡು ದಿನ ಬಿಸಿಲಿಗೆ ಪೂರ್ತಿ ಒಣಗಲಿ. ಆಮೇಲೆ ಟೊಳ್ಳಿನೊಳಗೆ ತುಕ್ಕುನಿರೋಧಕ ಮೇಣವನ್ನೋ ತೆಳು ಎಣ್ಣೆಯನ್ನೋ ಸಿಂಪಡಿಸಿ. ರಬ್ಬರ್, ಬ್ರೇಕ್ ಡ್ರಮ್ಮಿಗೆ ತಾಗದಿರಲಿ. ಹಸಿ ಇರುವಾಗಲೇ ಮೇಲೆ ಕಪ್ಪು ಬಣ್ಣ ಬಳಿದರೆ ತುಕ್ಕನ್ನು ಒಳಗಿಟ್ಟು ಬೀಗ ಹಾಕಿದಂತೆ.

ಮಳೆಗಾಲದುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ಕಡಲ ಬದಿಯಲ್ಲಿ ನಿಲ್ಲಿಸುವವರು ವಾರಕ್ಕೊಮ್ಮೆ. ಮನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಮುಚ್ಚಬೇಡಿ, ತೇವ ಒಳಗೇ ಉಳಿಯುತ್ತದೆ. ನಾಲ್ಕೂ ಬದಿ ಗಾಳಿಯಾಡುವ ಮಾಡು ಸಾಕು, ನೆಲ ಮಾತ್ರ ಒಣಗಿರಲಿ.

ದೀಪಾವಳಿ ಕಳೆದ ಮೇಲೆ, ಕೊನೆ ಕೊಯ್ಲು ಶುರುವಾಗುವ ಮೊದಲು: ಡ್ರಮ್ ಬಿಚ್ಚಿ ಕೆಸರು ತೆಗೆಸಿ, ಎರಡೂ ಡಿಫರೆನ್ಶಿಯಲ್ಲಿನ ಆಯಿಲ್‌ಗೆ ಬೆರಳು ಹಾಕಿ ನೋಡಿ, ಹಾಲಾಗಿದ್ದರೆ ಬದಲಿಸಿ. ಹಬ್ ಬಿಚ್ಚಿ ಗ್ರೀಸ್ ಹಾಕಿ. ನಂತರ ಸುತ್ತಿಗೆ ಹಿಡಿದು, ಅದೇ ಗೋಣಿ ಹಾಸಿ, ಮುಂದಿನಿಂದ ಹಿಂದಕ್ಕೆ ಮತ್ತೊಮ್ಮೆ ಬಡಿದು ಕೇಳಿ. ಹೋದ ವರ್ಷ ಠಣ್ ಎಂದ ಜಾಗದಲ್ಲಿ ಸದ್ದು ಬದಲಾಗಿದ್ದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಹೊರೆ ಹೇರುವ ಮೊದಲೇ ಮಿಸ್ತ್ರಿಗೆ ತೋರಿಸಿ.